ಹಳೆಯ ತಾರಸಿ ಮನೆ ತಂಪಾಗಬೇಕೆ? ಮೊದಲು ಮೇಲೆ ನೋಡಿ

ಬೆಂಗಳೂರಿನ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಕೂಡ ಬೇಡವೆನಿಸುತ್ತಿದ್ದ ಕಾಲವೊಂದಿತ್ತು ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. 2016ರ ಏಪ್ರಿಲ್ 25ರಂದು ನಗರದ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಏಪ್ರಿಲ್ 28ರಂದು ಅದು 38.5 ಡಿಗ್ರಿಗೆ ಏರಿತ್ತು. ಕಲಬುರಗಿ, ರಾಯಚೂರು, ಬಳ್ಳಾರಿಯವರಿಗೆ ಈ ಅಂಕಿಗಳು ದೊಡ್ಡವಲ್ಲ. ಆದರೆ ತಂಪು ಹವೆಯನ್ನು ನಂಬಿ ಕಟ್ಟಿದ ಬೆಂಗಳೂರು, ಮೈಸೂರಿನ ಮನೆಗಳು ಇಂತಹ ಬಿಸಿಲಿಗೆ ಸಿದ್ಧವಾಗಿರಲಿಲ್ಲ. ನಾಲ್ಕು ಅಂಗುಲದ ಕಾಂಕ್ರೀಟ್ ಛಾವಣಿ, ಅದರ ಮೇಲೆ ಕಪ್ಪಗಾದ ಸಿಮೆಂಟ್ ಗಾರೆ, ಪಶ್ಚಿಮಕ್ಕೆ ತೆರೆದ ಕಿಟಕಿ - ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳಲ್ಲಿ ರಾಜ್ಯದ ನಗರಗಳಲ್ಲಿ ಎದ್ದ ಲಕ್ಷಾಂತರ ಮನೆಗಳ ಸಾಮಾನ್ಯ ರೂಪವಿದು.

ಬೇಸಿಗೆಯಲ್ಲಿ ಇಂತಹ ಮನೆಯ ಮಹಡಿಯ ಕೋಣೆ ಕಾದ ಕಾವಲಿಯಂತಾದಾಗ ಮನೆಯವರಿಗೆ ಮೊದಲು ಹೊಳೆಯುವ ಪರಿಹಾರ ಏ.ಸಿ. ಅದು ತಪ್ಪೆಂದಲ್ಲ. ಆದರೆ ಲೆಕ್ಕವನ್ನೊಮ್ಮೆ ನೋಡಬೇಕು. ಒಂದೂವರೆ ಟನ್ನಿನ ಯಂತ್ರ ಸರಾಸರಿ ಒಂದು ಕಿಲೋವಾಟ್‌ನಂತೆ ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ 240 ಯೂನಿಟ್ ಆಗುತ್ತದೆ. ರಾಜ್ಯದಲ್ಲಿ 2023ರ ಜುಲೈಯಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕು. ಅಂದರೆ ಒಂದು ಏ.ಸಿ.ಯೊಂದಿಗೆ ಬರುವುದು ಅದರ ಬೆಲೆ ಮಾತ್ರವಲ್ಲ, ಅಲ್ಲಿಯವರೆಗೆ ಶೂನ್ಯವಾಗಿದ್ದ ಬಿಲ್ಲೂ ಸಹ. ಅದಕ್ಕೂ ಮೊದಲು ಕಟ್ಟಡವನ್ನೇ ದುರಸ್ತಿಗೊಳಿಸಿ ಒಳಬರುವ ಶಾಖವನ್ನು ತಡೆಯುವುದು ಹೇಗೆ, ಅದರಲ್ಲಿ ಯಾವುದು ಫಲಕಾರಿ, ಯಾವುದು ದುಡ್ಡಿಗೆ ದಂಡ ಎಂಬುದರ ವಿವರ ಇಲ್ಲಿದೆ.

ನೆತ್ತಿಯ ಮೇಲಿನ ಸೂರ್ಯ

ಉಷ್ಣವಲಯದ ಕಟ್ಟಡಕ್ಕೂ ಶೀತ ದೇಶದ ಕಟ್ಟಡಕ್ಕೂ ಇರುವ ಮೂಲ ವ್ಯತ್ಯಾಸ ಸೂರ್ಯನ ಸ್ಥಾನದಲ್ಲಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಮತ್ತೊಮ್ಮೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ಕಲಬುರಗಿ, ಬೀದರ್ ಭಾಗದಲ್ಲಿ ಇದು ಮೇ ಎರಡನೇ ವಾರದ ಸುಮಾರಿಗೆ ಬರುತ್ತದೆ. ಹೀಗಾಗಿ ಕಡು ಬೇಸಿಗೆಯಲ್ಲಿ ಅತಿ ಹೆಚ್ಚು ಬಿಸಿಲು ಉಣ್ಣುವುದು ಛಾವಣಿ. ದಕ್ಷಿಣದ ಗೋಡೆಗೆ ಆಗ ಬಿಸಿಲು ಹೆಚ್ಚು ತಾಗುವುದೇ ಇಲ್ಲ. ಪೂರ್ವ, ಪಶ್ಚಿಮದ ಗೋಡೆಗಳು ಬೆಳಗ್ಗೆ ಮತ್ತು ಸಂಜೆ ಸರದಿಯಂತೆ ಕಾಯುತ್ತವೆ.

ನಿರಭ್ರ ಬೇಸಿಗೆಯ ನಡುಹಗಲಿನಲ್ಲಿ ಒಂದು ಚದರ ಮೀಟರ್ ಸಮತಟ್ಟಾದ ಜಾಗದ ಮೇಲೆ 900ರಿಂದ 1000 ವಾಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ಮೂವತ್ತು-ನಲವತ್ತರ ನಿವೇಶನದಲ್ಲಿ 900 ಚದರ ಅಡಿಯ ಛಾವಣಿ ಇದೆಯೆಂದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಅದರ ಮೇಲೆ ಸುರಿಯುವುದು ಸುಮಾರು 80 ಕಿಲೋವಾಟ್. ಮಾಸಿದ ಸಿಮೆಂಟ್ ಮೇಲ್ಮೈ ಇದರ ಬಹುಪಾಲನ್ನು ಹೀರಿಕೊಂಡು 60 ಡಿಗ್ರಿಯವರೆಗೂ ಕಾಯಬಲ್ಲದು. ಕಾಂಕ್ರೀಟ್ ಆ ಶಾಖವನ್ನು ಕೂಡಲೇ ಒಳಗೆ ಬಿಡುವುದಿಲ್ಲ. ಹಿಡಿದಿಟ್ಟುಕೊಂಡು ಕೆಲವು ಗಂಟೆ ತಡವಾಗಿ ಕೆಳಕ್ಕೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸತೊಡಗಿದ ಸಂಜೆ ಏಳು, ಎಂಟು ಗಂಟೆಗೂ ಮಹಡಿಯ ಕೋಣೆ ಬೇಯುವುದು, ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಮೈಗೆ ರಾಚುವುದು ಇದೇ ಕಾರಣಕ್ಕೆ.

ಒಂದು ಕೋಣೆಯ ಲೆಕ್ಕ

ಹತ್ತು ಅಡಿಗೆ ಹದಿಮೂರು ಅಡಿಯ ಮಲಗುವ ಕೋಣೆಯ ಛಾವಣಿ ಸುಮಾರು 12 ಚದರ ಮೀಟರ್. ಮೇಲ್ಮೈ 60 ಡಿಗ್ರಿ, ಒಳಗೆ 26 ಡಿಗ್ರಿ ಇರಬೇಕೆಂದು ಇಟ್ಟುಕೊಂಡರೆ ನಾಲ್ಕು ಅಂಗುಲದ ಬರಿಯ ಕಾಂಕ್ರೀಟ್ ಮೂಲಕ ಇಳಿಯಬಹುದಾದ ಶಾಖ ಸುಮಾರು 1.8 ಕಿಲೋವಾಟ್. ಒಂದು ಟನ್ ಏ.ಸಿ. ಹೊರಹಾಕುವುದು 3.5 ಕಿಲೋವಾಟ್ ಶಾಖವನ್ನು. ಅಂದರೆ ಯಂತ್ರದ ಅರ್ಧ ಟನ್ ಸಾಮರ್ಥ್ಯ ಛಾವಣಿಯೊಂದರ ಜತೆ ಗುದ್ದಾಡುವುದಕ್ಕೇ ಮೀಸಲು! ಕಾಂಕ್ರೀಟ್ ಶಾಖವನ್ನು ಹಿಡಿದಿಡುವುದರಿಂದ ವಾಸ್ತವದ ಗರಿಷ್ಠ ಮಟ್ಟ ಇದಕ್ಕಿಂತ ಸ್ವಲ್ಪ ಕಡಿಮೆಯಿದ್ದು, ಸಂಜೆಯತ್ತ ಸರಿಯುತ್ತದೆ. ಆದರೂ ಹೋಲಿಕೆಗೆ ಈ ಲೆಕ್ಕ ಸಾಕು.

ಅದೇ ಛಾವಣಿಗೆ ಬಿಳಿ ಬಳಿದು ಮೇಲ್ಮೈ 40 ಡಿಗ್ರಿಗೆ ಇಳಿದರೆ ಒಳಬರುವ ಶಾಖ ಸುಮಾರು 750 ವಾಟ್‌ಗೆ ಕುಸಿಯುತ್ತದೆ. ಬಿಳಿ ಬಳಿಯದೆ ಒಂದು ಅಂಗುಲ ದಪ್ಪದ ಒಳ್ಳೆಯ ಶಾಖನಿರೋಧಕ ಹಲಗೆ ಹಾಸಿದರೆ 400 ವಾಟ್‌ನ ಆಸುಪಾಸಿಗೆ ಬರುತ್ತದೆ. ಎರಡನ್ನೂ ಮಾಡಿದರೆ ಛಾವಣಿಯ ಚಿಂತೆ ಬಹುತೇಕ ಮುಗಿದಂತೆಯೇ.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರ್‌ನಲ್ಲಿ ವಸತಿ ಕಟ್ಟಡಗಳಿಗಾಗಿ 'ಇಕೋ ನಿವಾಸ ಸಂಹಿತೆ'ಯನ್ನು ಹೊರತಂದಿತು. ಛಾವಣಿಯ ಪ್ರತಿ ಚದರ ಮೀಟರಿನಿಂದ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವಾಟ್‌ಗಿಂತ ಹೆಚ್ಚು ಶಾಖ ದಾಟಬಾರದೆಂಬುದು ಅದರ ನಿಯಮಗಳಲ್ಲೊಂದು. ನಮ್ಮ ಬರಿಯ ಕಾಂಕ್ರೀಟ್ ಛಾವಣಿ ಇದರ ಮೂರು ಪಟ್ಟು ಶಾಖವನ್ನು ಒಳಬಿಡುತ್ತದೆ. ಸಂಹಿತೆ ಹೊಸ ಕಟ್ಟಡಗಳನ್ನು ಉದ್ದೇಶಿಸಿದ್ದು. ಹಳೆಯ ಮನೆಯವರು ಅದನ್ನು ಅಳತೆಗೋಲಾಗಿ ಬಳಸಲು ಅಡ್ಡಿಯೇನಿಲ್ಲ.

ಬಿಳಿ ಬಣ್ಣದ ಬಲ, ಮಿತಿ

ಎಲ್ಲಕ್ಕಿಂತ ಅಗ್ಗದ ಉಪಾಯ ಸುಣ್ಣ. ಒಳ್ಳೆಯ ಸುಣ್ಣಕ್ಕೆ ಅಂಟು ಬೆರೆಸಿ ಎರಡು ಮೂರು ಬಾರಿ ಬಳಿದರೆ ಬಿಸಿಲಿನ ಹೆಚ್ಚಿನ ಭಾಗ ಬಂದ ಹಾದಿಯಲ್ಲೇ ಹಿಂದಿರುಗುತ್ತದೆ. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸುಣ್ಣ ಸವೆಯುತ್ತದೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ರಬ್ಬರಿನಂತೆ ಹಿಗ್ಗುವ, ನೀರು ತಡೆಯುವ ಬಿಳಿ ಲೇಪನಗಳು ದುಬಾರಿಯಾದರೂ ಕೆಲವು ವರ್ಷ ಬಾಳುತ್ತವೆ. ಮೆರುಗಿನ ಬಿಳಿ ಟೈಲ್ಸ್ ಚೂರುಗಳನ್ನು ಗಾರೆಯಲ್ಲಿ ಕೂರಿಸುವ ಪದ್ಧತಿ ಇನ್ನೂ ದೀರ್ಘಕಾಲ ಉಳಿಯುತ್ತದೆ.

ಮೂರಕ್ಕೂ ಇರುವ ಒಂದೇ ಶತ್ರು ದೂಳು. ಬಿಳಿ ಬಣ್ಣ ಮಾಸಿದಷ್ಟೂ ಫಲ ಕುಗ್ಗುತ್ತದೆ. ಬೇಸಿಗೆಯಲ್ಲಿ ಒಂದೆರಡು ಬಾರಿ ಗುಡಿಸಿ ತೊಳೆಯುವ ಶ್ರಮವನ್ನು ಬಣ್ಣದ ಕಂಪನಿಗಳ ಜಾಹೀರಾತು ಎತ್ತಿ ಹೇಳುವುದಿಲ್ಲ. ಹತ್ತಿರದಲ್ಲಿ ಎತ್ತರದ ಮನೆಗಳಿದ್ದರೆ ಕಣ್ಣು ಕುಕ್ಕುವ ಬೆಳಕಿನ ಬಗ್ಗೆ ನೆರೆಯವರ ತಕರಾರೂ ಬರಬಹುದು.

ಇದು ಮಧ್ಯಮ ವರ್ಗದ ತಾರಸಿಗೆ ಸೀಮಿತವಾದ ಮಾತಲ್ಲ. 2010ರ ತೀವ್ರ ಬಿಸಿಗಾಳಿಯ ಅನುಭವದ ನಂತರ ಅಹಮದಾಬಾದ್ 2013ರಲ್ಲಿ ಬಿಸಿಲ ಬೇಗೆ ಎದುರಿಸುವ ಕ್ರಿಯಾ ಯೋಜನೆಯನ್ನು ರೂಪಿಸಿ, 2017ರಲ್ಲಿ ಬಡವರ ಮನೆಗಳ ಸೂರಿಗೆ ಬಿಳಿ ಬಳಿಯುವ ಕಾರ್ಯಕ್ರಮ ಆರಂಭಿಸಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಐದು ವರ್ಷಗಳ ನೀತಿಯೊಂದನ್ನು ಪ್ರಕಟಿಸಿತು. ಇಂತಹ ಛಾವಣಿಯ ಕೆಳಗೆ ಒಳಾಂಗಣದ ತಾಪ ಸಾಮಾನ್ಯವಾಗಿ ಎರಡರಿಂದ ಐದು ಡಿಗ್ರಿ ಇಳಿಯುತ್ತದೆ. ತಗಡಿನ ಶೀಟಿನ ಮನೆಯಲ್ಲಿ, ಹಗಲೂ ಒಳಗೇ ಇರುವ ವೃದ್ಧರಿಗೆ, ಹಸುಗೂಸಿಗೆ ಈ ಎರಡು ಮೂರು ಡಿಗ್ರಿಯೇ ದೊಡ್ಡದು.

ಕಲ್ನಾರಿನ ಹಳೆಯ ಶೀಟುಗಳಿದ್ದರೆ ಒಂದು ಎಚ್ಚರಿಕೆ. ಬಣ್ಣ ಹಚ್ಚುವ ಮುನ್ನ ಅವನ್ನು ಉಜ್ಜುವುದು, ಕೊರೆಯುವುದು, ಕತ್ತರಿಸುವುದು ಸರ್ವಥಾ ಸಲ್ಲದು. ಹೊರಬೀಳುವ ನಾರಿನ ದೂಳು ಶ್ವಾಸಕೋಶಕ್ಕೆ ಮಾರಕ.

ಸೋರುವ ಛಾವಣಿಗೆ ಸುಣ್ಣ ಬಳಿದರೆ?

ಹಳೆಯ ಕಟ್ಟಡದ ವಿಷಯದಲ್ಲಿ ಬಹುತೇಕ ಮಂದಿ ಎಡವುವುದು ಇಲ್ಲಿ. ಮೂವತ್ತು ವರ್ಷದ ತಾರಸಿಯಲ್ಲಿ ಕೂದಲೆಳೆಯಷ್ಟು ಬಿರುಕುಗಳಿರುವುದು ಸಾಮಾನ್ಯ. ನೀರು ಇಳಿದು ಕಬ್ಬಿಣದ ಸರಳು ತುಕ್ಕು ಹಿಡಿದರೆ ಅದು ಹಿಗ್ಗಿ ಕೆಳಗಿನ ಕಾಂಕ್ರೀಟ್ ಹೊಪ್ಪಳಿಕೆಯಾಗಿ ಕಳಚುತ್ತದೆ. ಒಳಗಿನ ಸೂರಿನಲ್ಲಿ ಕಂದು ಕಲೆ, ಉದುರುವ ಗಾರೆ, ಬಡಿದರೆ ಟೊಳ್ಳು ಸದ್ದು - ಇವುಗಳಲ್ಲಿ ಯಾವುದಿದ್ದರೂ ಮೊದಲು ಕರೆಸಬೇಕಾದದ್ದು ಸ್ಟ್ರಕ್ಚರಲ್ ಎಂಜಿನಿಯರನ್ನು. ಬಣ್ಣದವರ ಸರದಿ ಆಮೇಲಿನದು. ಸೋರಿಕೆ ನಿಲ್ಲಿಸದೆ ಮೇಲೆ ಹಾಸಿದ ಯಾವ ತಂಪು ಪದರವೂ ಬಾಳುವುದಿಲ್ಲ.

ಭಾರದ ಪ್ರಶ್ನೆ ಇನ್ನೂ ಗಂಭೀರ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಸೂಚಿಸುವ ಚರಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಓಡಾಟವಿಲ್ಲದ ತಾರಸಿಗೆ ಅದರ ಅರ್ಧ. ಹತ್ತು ಸೆಂಟಿಮೀಟರ್ ದಪ್ಪದ ಒದ್ದೆ ಮಣ್ಣಿನ ತೂಕವೇ 180 ಕಿಲೋ ದಾಟುತ್ತದೆ. ತಾರಸಿ ತೋಟ ಕಣ್ಣಿಗೂ ಮನಸ್ಸಿಗೂ ತಂಪು, ನಿಜ. ಆದರೆ ಹಳೆಯ ಮನೆಯ ಛಾವಣಿಯ ಉದ್ದಗಲಕ್ಕೂ ಮಣ್ಣು ಹರಡುವ ಮುನ್ನ ಅದರ ತಾಳುವ ಶಕ್ತಿಯನ್ನು ಬಲ್ಲವರಿಂದ ಪರೀಕ್ಷಿಸಲೇಬೇಕು. ಮಣ್ಣಿನ ಮಡಕೆಗಳನ್ನು ಬೋರಲು ಹಾಕಿ ನಡುವೆ ಗಾರೆ ತುಂಬುವ ಪದ್ಧತಿಗೂ ಇದೇ ಮಾತು ಅನ್ವಯಿಸುತ್ತದೆ. ಮಡಕೆಯೊಳಗಿನ ಗಾಳಿ ಶಾಖ ತಡೆಯುವುದು ಹೌದು, ಗಾರೆಯ ತೂಕ ಮಾತ್ರ ಛಾವಣಿಯ ಮೇಲೆಯೇ.

ಇಟ್ಟಿಗೆ ಚೂರು ಮತ್ತು ಸುರ್ಕಿ ಹಾಕಿಸಿದರೆ ಮನೆ ತಂಪಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನೀರು ಹರಿಯುವ ಇಳಿಜಾರಿಗೆ, ಸೋರಿಕೆ ತಡೆಗೆ ಅದು ಒಳ್ಳೆಯದೇ. ಶಾಖ ತಡೆಯುವ ಗುಣ ಮಾತ್ರ ಅದರಲ್ಲಿ ಸಾಧಾರಣ. ನಾಲ್ಕು ಅಂಗುಲ ದಪ್ಪ ಹಾಕಿಸಿದರೂ ಒಳಬರುವ ಶಾಖದಲ್ಲಿ ಮೂರನೆಯ ಒಂದು ಭಾಗದಷ್ಟು ತಗ್ಗೀತು. ಒಂದು ಅಂಗುಲದ ಹಗುರ ಎಕ್ಸ್‌ಪಿಎಸ್ ಹಲಗೆ, ಅಂದರೆ ನೀರು ಹೀರದ ಗಟ್ಟಿ ನೊರೆ ಪ್ಲಾಸ್ಟಿಕ್, ಇದಕ್ಕಿಂತ ಬಹುಪಾಲು ಹೆಚ್ಚು ಕೆಲಸ ಮಾಡುತ್ತದೆ. ಮೊದಲು ನೀರು ನಿರೋಧಕ ಪದರ, ಅದರ ಮೇಲೆ ಹಲಗೆ, ಅದರ ಮೇಲೆ ತೆಳು ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸ್ - ಇದು ಕ್ರಮ.

ಕೆಳಗಿನಿಂದ ಥರ್ಮೋಕೋಲ್ ಅಂಟಿಸಿ ಫಾಲ್ಸ್ ಸೀಲಿಂಗ್ ಮಾಡಿಸುವವರೂ ಇದ್ದಾರೆ. ಅದರಿಂದ ಕೋಣೆಗೆ ಬರುವ ಶಾಖವೇನೋ ತಗ್ಗುತ್ತದೆ. ಆದರೆ ಛಾವಣಿ ಮೊದಲಿನಂತೆಯೇ ಕಾದು, ತಣಿದು, ಬಿರುಕು ಬಿಡುತ್ತಲೇ ಇರುತ್ತದೆ. ಮೇಲಿನ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಬೆಂಕಿ ತಗುಲಿದರೆ ಥರ್ಮೋಕೋಲ್ ವಿಷದ ಹೊಗೆ ಉಗುಳುತ್ತದೆ. ಮೇಲಿನಿಂದ ಮಾಡುವ ಅವಕಾಶವಿರುವಾಗ ಕೆಳಗಿನಿಂದ ಮಾಡುವುದು ಜಾಣತನವಲ್ಲ.

ಕರಾವಳಿ, ಮಲೆನಾಡಿನ ದಾರಿ ಬೇರೆ

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಭಾಗದ ಮನೆಗಳ ಮುಖವೇ ಬದಲಾಯಿತು. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಹೋಗುತ್ತಿತ್ತು. ಕೆಳಗಿನ ಮರದ ಮುಚ್ಚಿಗೆ ಉಳಿದ ಶಾಖವನ್ನು ತಡೆಯುತ್ತಿತ್ತು. ನಂತರದ ತಲೆಮಾರು ಅಂತಸ್ತಿನ ಗುರುತೆಂದು ತಾರಸಿ ಮನೆ ಕಟ್ಟಿತು. ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಗೆ ಸಮತಟ್ಟಾದ ಕಾಂಕ್ರೀಟ್ ಸೋರತೊಡಗಿದಾಗ ಅದೇ ತಾರಸಿಯ ಮೇಲೆ ಮತ್ತೆ ಇಳಿಜಾರಿನ ಹೆಂಚು ಅಥವಾ ಶೀಟಿನ ಮಾಡು ಎದ್ದಿತು. ಮಳೆಗಾಗಿ ಮಾಡಿದ ಈ ತೇಪೆ ಬಿಸಿಲಿಗೂ ಉತ್ತಮ ಮದ್ದು: ಬಿಸಿಲು ಬೀಳುವುದು ಮೇಲಿನ ಮಾಡಿಗೆ, ಕಾಂಕ್ರೀಟಿಗೆ ಬರೀ ನೆರಳು. ಎರಡರ ನಡುವಿನ ಜಾಗವನ್ನು ನಾಲ್ಕೂ ಕಡೆ ಮುಚ್ಚಿ ಉಗ್ರಾಣ ಮಾಡಿಕೊಂಡರೆ ಮಾತ್ರ ಬಿಸಿಗಾಳಿ ಅಲ್ಲೇ ಸೆರೆಯಾಗಿ ಅರ್ಧ ಲಾಭ ನಷ್ಟ. ನಗರಗಳಲ್ಲಿ ಇಂತಹ ಮಾಡಿಗೆ ಸ್ಥಳೀಯ ಸಂಸ್ಥೆಯ ಅನುಮತಿ ಬೇಕೇ ಎಂಬುದನ್ನು ಮೊದಲೇ ವಿಚಾರಿಸುವುದು ಕ್ಷೇಮ.

ಕರಾವಳಿಯಲ್ಲಿ ಹಗಲು-ರಾತ್ರಿಯ ತಾಪದ ಅಂತರ ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು. ಅಲ್ಲಿ ಮೈಗೆ ಬೇಕಾದದ್ದು ಗಾಳಿಯ ಓಟ; ಕಿಟಕಿಗಳು ಹಗಲಿರುಳು ತೆರೆದಿರಬೇಕು. ಕಲಬುರಗಿ, ರಾಯಚೂರಿನಲ್ಲಿ ಇದಕ್ಕೆ ವಿರುದ್ಧ. ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆದರೆ ಗೋಡೆಗಳು ತಣಿದು, ಮರುದಿನ ಮಧ್ಯಾಹ್ನದವರೆಗೆ ತಂಪನ್ನು ಕಾಯ್ದಿಡುತ್ತವೆ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಸಣ್ಣ ಬೆಳಕಿಂಡಿಗಳ ಹಳೆಯ ಮನೆಗಳು ನಡೆಸಿಕೊಂಡು ಬಂದಿದ್ದು ಇದೇ ವ್ಯವಹಾರವನ್ನು. ನೀರಿನ ಕೂಲರ್ ಒಣಹವೆಯ ಕಲಬುರಗಿಯಲ್ಲಿ ಕಡಿಮೆ ವಿದ್ಯುತ್ತಿನಲ್ಲಿ ಹಿತವಾದ ಗಾಳಿ ಕೊಡುತ್ತದೆ. ಮಂಗಳೂರಿನಲ್ಲಿ ಅದು ಸೆಕೆಗೆ ಇನ್ನಷ್ಟು ತೇವ ಸೇರಿಸುತ್ತದೆ, ಅಷ್ಟೇ.

ಕಿಟಕಿ: ನೆರಳು ಹೊರಗಿರಲಿ

ಕಿಟಕಿಯ ಮೇಲಿನ ಸಜ್ಜಾ ಎತ್ತರದ ಸೂರ್ಯನನ್ನು ತಡೆಯುತ್ತದೆ. ಸಂಜೆ ನಾಲ್ಕರ ಇಳಿಬಿಸಿಲಿನೆದುರು ಪಶ್ಚಿಮದ ಸಜ್ಜಾ ನಿರುಪಯೋಗಿ. ಒಳಗೆ ದಪ್ಪ ಪರದೆ ಇಳಿಬಿಟ್ಟರೂ ಲಾಭ ಅಲ್ಪವೇ. ಗಾಜನ್ನು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸಿ, ಆ ಶಾಖ ಕೋಣೆಯಲ್ಲೇ ಉಳಿಯುತ್ತದೆ. ಅದೇ ಬಿದಿರಿನ ತಟ್ಟಿಯನ್ನು ಕಿಟಕಿಯ ಹೊರಗೆ ತೂಗಿದರೆ ಬಿಸಿಲು ಗಾಜನ್ನು ತಾಗುವ ಮುನ್ನವೇ ನಿಲ್ಲುತ್ತದೆ. ಕೆಲವು ನೂರು ರೂಪಾಯಿಗಳ ತಟ್ಟಿ ಸಾವಿರಾರು ರೂಪಾಯಿಯ ಪರದೆಯನ್ನು ಸೋಲಿಸುವ ಅಪರೂಪದ ಪ್ರಸಂಗವಿದು.

ನವೀಕರಣದ ಹೆಸರಿನಲ್ಲಿ ಹಳೆಯ ಮರದ ಕಿಟಕಿ ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸುವುದು ಎಲ್ಲೆಡೆ ನಡೆದಿದೆ. ಎರಡು ಬಾಗಿಲಿನ ಹಳೆಯ ಕಿಟಕಿ ಪೂರ್ತಿ ತೆರೆಯುತ್ತಿತ್ತು. ಸರಿಯುವ ಕಿಟಕಿ ತೆರೆಯುವುದು ಅರ್ಧ ಮಾತ್ರ. ಅದರ ಮೇಲೆ ಸೊಳ್ಳೆ ಪರದೆ ಸೇರಿದರೆ ಗಾಳಿಯ ಕಥೆ ಮುಗಿಯಿತು. ಸೂರಿನ ಹತ್ತಿರದ ವೆಂಟಿಲೇಟರ್‌ಗಳನ್ನು ದೂಳಿನ ನೆಪದಲ್ಲಿ ಗಾಜು ಹಾಕಿ ಮುಚ್ಚಿಸಿದ ಮನೆಗಳೂ ಕಡಿಮೆಯಿಲ್ಲ. ಬಿಸಿಗಾಳಿ ಮೇಲಕ್ಕೇರಿ ಹೊರಹೋಗುವ ದಾರಿ ಅದೇ. ಜಾಲರಿ ಹಾಕಿ ಮತ್ತೆ ತೆರೆಸುವುದಕ್ಕೆ ಅರ್ಧ ದಿನದ ಬಡಗಿ ಕೂಲಿ ಸಾಕು.

ಕಚೇರಿಗಳಲ್ಲಿ ಏನು ನಡೆದಿದೆ?

ದೊಡ್ಡ ಕಟ್ಟಡಗಳ ಮಟ್ಟದಲ್ಲಿ ಎರಡು ನಿದರ್ಶನ ಉಲ್ಲೇಖಾರ್ಹ. ಮುಂಬೈಯ ಗೋದ್ರೆಜ್ ಭವನ 1972ರ ಕಟ್ಟಡ. 2010ರಲ್ಲಿ ಅದರ ಹಳೆಯ ಹವಾನಿಯಂತ್ರಣ ವ್ಯವಸ್ಥೆ ಮತ್ತು ದೀಪಗಳನ್ನು ಬದಲಿಸಿ ಇಂಧನ ದಕ್ಷಗೊಳಿಸಲಾಯಿತು. ಇನ್ನೊಂದು, ಭೂಮಧ್ಯರೇಖೆಗೆ ತೀರಾ ಸಮೀಪದ ಸಿಂಗಪುರದ್ದು. ಅಲ್ಲಿನ ಕಟ್ಟಡ ಪ್ರಾಧಿಕಾರದ ಅಕಾಡೆಮಿ ಮೂರು ಅಂತಸ್ತಿನ ತನ್ನ ಹಳೆಯ ಕಟ್ಟಡವೊಂದನ್ನು ಕೆಡವದೆ ಮಾರ್ಪಡಿಸಿ, ವರ್ಷದಲ್ಲಿ ಬಳಸುವಷ್ಟು ವಿದ್ಯುತ್ತನ್ನು ತಾನೇ ಉತ್ಪಾದಿಸುವಂತೆ ಮಾಡಿತು. 2009ರಲ್ಲಿ ಅದು ಉದ್ಘಾಟನೆಗೊಂಡಿತು. ಛಾವಣಿಯಲ್ಲಿ ಸೌರಫಲಕ, ಗೋಡೆಗೆ ಬಳ್ಳಿಯ ಹೊದಿಕೆ, ಹಗಲು ಬೆಳಕನ್ನು ಒಳಕ್ಕೆ ಎಳೆಯುವ ಕೊಳವೆಗಳು ಅಲ್ಲಿವೆ. ಸ್ವಾರಸ್ಯಕರವಾದದ್ದು ಸೌರ ಚಿಮಣಿ. ಬಿಸಿಲಿಗೆ ಕಾದ ಲೋಹದ ಕೊಳವೆಯಲ್ಲಿ ಗಾಳಿ ತಾನಾಗಿ ಮೇಲೇರುತ್ತ ತರಗತಿಯ ಬಿಸಿಗಾಳಿಯನ್ನು ಫ್ಯಾನಿನ ನೆರವಿಲ್ಲದೆ ಹೊರಗೆಳೆಯುತ್ತದೆ. ಬಿಸಿಲಿನಿಂದಲೇ ಬಿಸಿಲನ್ನು ಓಡಿಸುವ ಜಾಣ್ಮೆ!

ಯಂತ್ರಗಳ ಸರದಿ ಕೊನೆಗೆ

ಹಳೆಯ ಸೀಲಿಂಗ್ ಫ್ಯಾನ್ 75 ವಾಟ್‌ನಷ್ಟು ವಿದ್ಯುತ್ ಬೇಡುತ್ತದೆ. ಬಿಎಲ್‌ಡಿಸಿ ಮೋಟರಿನ ಹೊಸ ಫ್ಯಾನಿಗೆ ಸುಮಾರು 30 ವಾಟ್ ಸಾಕು. ದಿನಕ್ಕೆ 15 ಗಂಟೆ ಓಡುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 20 ಯೂನಿಟ್, ಮೂರು ಬದಲಿಸಿದರೆ 60 ಯೂನಿಟ್ ಉಳಿತಾಯ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಇದು ನಿರ್ಣಾಯಕವಾಗಬಲ್ಲದು.

ಇಷ್ಟರ ಮೇಲೂ ಏ.ಸಿ. ಬೇಕೆನಿಸಿದರೆ ಛಾವಣಿ ಸರಿಪಡಿಸಿದ ಕೋಣೆಗೆ ಚಿಕ್ಕ ಯಂತ್ರ ಸಾಕಾದೀತು. ತಾರೆಗಳ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. ಹಳೆಯ ದಾಸ್ತಾನಿನ ಐದು ತಾರೆಯ ಪಟ್ಟಿ ಇಂದಿನ ಐದು ತಾರೆಗೆ ಸಮವಲ್ಲ. ಯಂತ್ರಗಳಲ್ಲಿ ಆರಂಭಿಕ ತಾಪ 24 ಡಿಗ್ರಿ ಇರಬೇಕೆಂಬ ನಿಯಮ 2020ರ ಜನವರಿಯಿಂದ ಬಂದಿದೆ. ಅದನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಬ್ಯೂರೋ. ಹಳೆಯ ಮನೆಯ ವೈರಿಂಗ್ ಈ ಹೊರೆಯನ್ನು ತಾಳುತ್ತದೆಯೇ, ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ತಪಾಸಣೆ ಮಾಡಿಸದೆ ಪ್ಲಗ್ ಚುಚ್ಚಬಾರದು.

ಸೌರಫಲಕಗಳು ವಿದ್ಯುತ್ತಿನ ಜತೆಗೆ ತಾರಸಿಗೆ ಕೊಡೆಯಂತೆ ನೆರಳನ್ನೂ ಕೊಡುತ್ತವೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವಾಟ್‌ವರೆಗೆ ಪ್ರತಿ ಕಿಲೋವಾಟಿಗೆ 30,000 ರೂ., ಮೂರು ಕಿಲೋವಾಟ್ ಅಥವಾ ಹೆಚ್ಚಿನದಕ್ಕೆ ಒಟ್ಟು 78,000 ರೂ. ಸಹಾಯಧನ ನಿಗದಿಯಾಗಿದೆ. ಫಲಕಗಳು 25 ವರ್ಷ ಅಲ್ಲೇ ಕೂರುವಂತಹವು. ಆದ್ದರಿಂದ ಸೋರಿಕೆಯ ಕೆಲಸ ಅದಕ್ಕೆ ಮೊದಲೇ ಮುಗಿದಿರಬೇಕು.

ಖರ್ಚು ಯಾರದು?

ಬಾಡಿಗೆ ಮನೆಯ ಸಮಸ್ಯೆಗೆ ತಾಂತ್ರಿಕ ಪರಿಹಾರವಿಲ್ಲ. ಛಾವಣಿ ಮಾಲೀಕರದು, ಕರೆಂಟ್ ಬಿಲ್ಲು ಬಾಡಿಗೆದಾರರದು. ದುಡ್ಡು ಹಾಕಬೇಕಾದವರಿಗೆ ಲಾಭವಿಲ್ಲ, ಲಾಭ ಪಡೆಯುವವರಿಗೆ ಅಧಿಕಾರವಿಲ್ಲ. ಬಾಡಿಗೆದಾರರ ಕೈಯಲ್ಲಿರುವುದು ಹೋಗುವಾಗ ಬಿಚ್ಚಿಕೊಂಡು ಹೋಗಬಹುದಾದ ಫ್ಯಾನ್, ಹೊರಗಿನ ತಟ್ಟಿ ಮತ್ತು ಮಾಲೀಕರು ಒಪ್ಪಿದರೆ ಒಂದು ಚೀಲ ಸುಣ್ಣ.

ಅಪಾರ್ಟ್‌ಮೆಂಟ್‌ಗಳಲ್ಲಿ ಜಗಳದ ರೂಪ ಬೇರೆ. ಬೇಯುವುದು ಕೊನೆಯ ಅಂತಸ್ತಿನವರು ಮಾತ್ರ, ತಾರಸಿ ಎಲ್ಲರದು. ಕೆಳಗಿನವರು ತಮಗೇಕೆ ಖರ್ಚು ಎನ್ನುವುದು ಸಹಜ. ಇಲ್ಲಿ ಕೊಂಚ ವ್ಯವಹಾರ ಜ್ಞಾನ ಬೇಕು: ಸೋರಿಕೆ ತಡೆಯುವ ಲೇಪನವನ್ನು ಸಂಘ ಕೆಲವು ವರ್ಷಕ್ಕೊಮ್ಮೆ ಹೇಗೂ ಮಾಡಿಸಬೇಕಾಗುತ್ತದೆ. ಆ ಸರದಿ ಬಂದಾಗ ಬೂದು ಬಣ್ಣದ ಬದಲು ಬಿಳಿ ಲೇಪನವನ್ನೇ ಆರಿಸಿಕೊಂಡರೆ ಹೆಚ್ಚುವರಿ ವೆಚ್ಚ ಅಲ್ಪ, ತಕರಾರೂ ಅಲ್ಪ. ಮಳೆಗಾಲ ಮುಗಿದು ತಾರಸಿ ಪೂರ್ತಿ ಒಣಗಿರುವ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಈ ಕೆಲಸಕ್ಕೆ ಪ್ರಶಸ್ತ. ಒದ್ದೆ ಮೇಲ್ಮೈಯ ಮೇಲೆ ಬಳಿದ ಲೇಪನ ಮೊದಲ ಬೇಸಿಗೆಯಲ್ಲೇ ಗುಳ್ಳೆಯೆದ್ದು ಸುಲಿಯುತ್ತದೆ.